ಘಟ್ಟದ ಮೇಲೆ ಕೂತು ಹಡಗು ನೋಡುವುದು

ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ನಮ್ಮ ಹಾಸನದವರಿಗೆ ಮೊದಲು ಸುದ್ದಿ ಕೊಡುವುದು ಗ್ಯಾಸ್ ಟ್ಯಾಂಕರ್‌ಗಳು. ಟಿವಿಯವರು ಆಮೇಲೆ ಬರುತ್ತಾರೆ. ಸಕಲೇಶಪುರದ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಉದ್ದುದ್ದ ಬುಲೆಟ್ ಟ್ಯಾಂಕರ್‌ಗಳು ಒಂದರ ಹಿಂದೆ ಒಂದು ನಿಂತುಬಿಡುತ್ತವೆ. ಈ ಬದಿಯಲ್ಲಿ ನಿಂತವು ಹೆಚ್ಚಾಗಿ ಖಾಲಿ ಗಾಡಿಗಳು, ತುಂಬಿಸಿಕೊಳ್ಳಲು ಮಂಗಳೂರಿಗೆ ಹೊರಟವು. ತುಂಬಿದವು ಘಟ್ಟದ ಕೆಳಗೆ ಗುಂಡ್ಯದ ಆಸುಪಾಸಿನಲ್ಲಿ ಸಿಕ್ಕಿಕೊಂಡಿರುತ್ತವೆ. ಡ್ರೈವರ್‌ಗಳು ನೆರಳಲ್ಲಿ ಟವೆಲ್ ಹಾಸಿ ಇಸ್ಪೀಟಿಗೆ ಕೂತಿರುತ್ತಾರೆ. ಕಾರಿನಲ್ಲಿ ಹೋಗುವವರು "ಇವತ್ತು ಧರ್ಮಸ್ಥಳ ಮುಟ್ಟಿದ ಹಾಗೇ" ಎಂದು ಗೊಣಗುತ್ತಾರೆ. ನನಗೆ ಬರುವ ಯೋಚನೆ ಬೇರೆ. ಇವು ತುಂಬಿಕೊಳ್ಳಬೇಕಾದ ಗ್ಯಾಸು ಯಾವ ಹಡಗಿನಲ್ಲಿ ಬಂತು? ಆ ಹಡಗು ಬಂದರಿನ ಒಳಗಿದೆಯೋ, ಹೊರಗೆ ಲಂಗರು ಹಾಕಿ ಸರದಿ ಕಾಯುತ್ತಿದೆಯೋ?

ಒಂದು ಸಲ ಮದುವೆಗೆ ಹೊರಟ ಕಾರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿಬಿಟ್ಟೆ. ಫೋನ್ ತೆಗೆದು, "ನೋಡಿ, ಪಣಂಬೂರಿನ ಹೊರಗೆ ಒಂದು ಗ್ಯಾಸ್ ಹಡಗು ನಿಂತಿದೆ, ಕೊಲ್ಲಿ ಕಡೆಯಿಂದ ಬಂದಿದೆ" ಎಂದೆ. ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ದೊಡ್ಡಮ್ಮ ಕೇಳಿದರು: "ಅಲ್ಲ ಕಣೋ, ಅದನ್ನ ನೋಡಿ ನೀನೇನ್ ಮಾಡ್ತೀಯ?"

ಕೇಳಿದ್ದು ಬೈಗುಳವಾಗಿ ಅಲ್ಲ, ನಿಜವಾದ ಅನುಮಾನದಿಂದ. ಅದಕ್ಕೇ ಅದು ತಲೆಯಲ್ಲಿ ಉಳಿದುಕೊಂಡಿತು. ಸಮುದ್ರದಿಂದ 170 ಕಿಲೋಮೀಟರ್ ದೂರದ ಊರಿನಲ್ಲಿ, ನಡುವೆ ಇಡೀ ಪಶ್ಚಿಮ ಘಟ್ಟ ಇರುವಾಗ, ಒಬ್ಬ ಮನುಷ್ಯ ಹಡಗುಗಳ ಹೆಸರು ಬರೆದಿಟ್ಟುಕೊಳ್ಳುವುದು ಯಾಕೆ? ಹಕ್ಕಿ ನೋಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ದೋಣಿಗಲ್ಲಿನ ಕಡೆ ರೈಲು ನೋಡಲು, ಸುರಂಗದಿಂದ ಎಂಜಿನ್ ಹೊರಬರುವುದನ್ನು ವಿಡಿಯೋ ಮಾಡಲು ಬೆಂಗಳೂರಿನಿಂದ ಹುಡುಗರು ಬರುತ್ತಾರೆ. ಅವರನ್ನು ಯಾರೂ ಹೀಗೆ ಕೇಳುವುದಿಲ್ಲ. ಅಷ್ಟೇ ಯಾಕೆ, ಹಾಸನದಲ್ಲೇ ಇಸ್ರೋದ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. 1982ರಿಂದ ಅಲ್ಲಿ ಕೂತವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಹಗಲು ರಾತ್ರಿ ಕಾಯುತ್ತಿದ್ದಾರೆ. ಅವರಿಗೆ ಸಂಬಳ ಇದೆ, ಸರಿ. ಆದರೆ ಕಣ್ಣಿಗೆ ಕಾಣದಷ್ಟು ದೂರದ್ದನ್ನು ಬೆನ್ನು ಹತ್ತುವುದು ಈ ಊರಿಗೆ ಹೊಸದೇನಲ್ಲ ಅಂತ ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಹಡಗು ನೋಡುವ ಹವ್ಯಾಸ ಹೊರಗಿನ ದೇಶಗಳಲ್ಲಿ ದೊಡ್ಡದು. ಇಸ್ತಾಂಬುಲ್‌ನಲ್ಲಿ ಬಾಸ್ಫರಸ್ ಜಲಸಂಧಿ ಕೆಲವು ಕಡೆ ಮುಕ್ಕಾಲು ಕಿಲೋಮೀಟರ್ ಅಗಲವೂ ಇಲ್ಲ. ಜನ ಮನೆಯ ಬಾಲ್ಕನಿಯಲ್ಲಿ ಟೀ ಕುಡಿಯುತ್ತಾ ಯುದ್ಧನೌಕೆಗಳ ಫೋಟೋ ತೆಗೆಯುತ್ತಾರೆ. ಹ್ಯಾಂಬರ್ಗ್ ಹತ್ತಿರ ಎಲ್ಬೆ ನದಿಯ ದಡದಲ್ಲಿ ವೇಡೆಲ್ ಅಂತ ಒಂದು ಸಣ್ಣ ಊರು. ಅಲ್ಲಿ 1952ರಿಂದ, ಬಂದರಿಗೆ ಬರುವ ದೊಡ್ಡ ಹಡಗುಗಳಿಗೆ ಧ್ವನಿವರ್ಧಕದಲ್ಲಿ ಸ್ವಾಗತ ಹೇಳಿ, ಆ ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶದ ರಾಷ್ಟ್ರಗೀತೆ ಹಾಕುತ್ತಾರೆ. ಇದನ್ನು ನೋಡಲು ಜನ ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ಆ ಕಾಫಿಯಲ್ಲಿ ನಮ್ಮ ಬಾಳೂರು, ಹಾನುಬಾಳಿನ ಬೀಜವೂ ಇರಬಹುದು. ಅದರ ಮಾತು ಆಮೇಲೆ.

ನಮಗೆ ಇರುವುದು ಮಂಗಳೂರಿನ ಬಂದರು ಇರುವ ಪಣಂಬೂರು.

ಮೈಮೇಲೆ ಬರೆದುಕೊಂಡು ಬರುವ ಪ್ರಾಣಿ

ನವ ಮಂಗಳೂರು ಬಂದರು ಹುಟ್ಟಿನಿಂದ ಬಂದರಲ್ಲ. ಅಲ್ಲಿ ಕೊಲ್ಲಿಯೂ ಇರಲಿಲ್ಲ, ನದಿಯ ಬಾಯಿಯೂ ಇರಲಿಲ್ಲ. ನೆಲ ಅಗೆದು, ಸಮುದ್ರವನ್ನು ಒಳಗೆ ಕರೆದು ಮಾಡಿದ ಬಂದರು ಅದು. 1974ರಲ್ಲಿ ಅದನ್ನು ದೇಶದ ಪ್ರಮುಖ ಬಂದರು ಎಂದು ಘೋಷಿಸಿದರು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಈಗ ವರ್ಷಕ್ಕೆ ನಾಲ್ಕು ಕೋಟಿ ಟನ್ನಿಗಿಂತ ಜಾಸ್ತಿ ಸರಕು ಅಲ್ಲಿ ಏರಿ ಇಳಿಯುತ್ತದೆ. ಕಚ್ಚಾ ತೈಲ, ಗ್ಯಾಸು, ಕಲ್ಲಿದ್ದಲು, ಅದಿರು, ಗೊಬ್ಬರ, ಖಾದ್ಯ ತೈಲ, ಕಂಟೇನರ್. ಹಡಗುಗಳು ಸಮುದ್ರದಿಂದ ಒಳಕ್ಕೆ ಬರುವ ದಾರಿ ಪಣಂಬೂರು ಬೀಚಿನ ಪಕ್ಕದಲ್ಲೇ ಇದೆ. ಟಿಕೆಟ್ ಇಲ್ಲ, ಪರ್ಮಿಷನ್ ಬೇಡ. ಮರಳಲ್ಲಿ ಕೂತರೆ ಆಯಿತು. ಬಂದರಿನ ಒಳಗೆ ಕ್ಯಾಮೆರಾ ಎತ್ತುವ ಹಾಗಿಲ್ಲ, ಎತ್ತಲೂ ಬಾರದು. ಗೇಟಿನ ಹತ್ತಿರ ಒಬ್ಬ ಕಾವಲಿನವರು ನನ್ನ ಕೊರಳಲ್ಲಿದ್ದ ದುರ್ಬೀನು ನೋಡಿ ಯಾವ ಊರು ಅಂದರು. ಹಾಸನ ಅಂದೆ. ಯಾಕೆ ಬಂದದ್ದು ಅಂದರು. ಹಡಗು ನೋಡಲಿಕ್ಕೆ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೀಚಿಗೆ ಹೋಗಿ, ಅಲ್ಲಿ ಚೆನ್ನಾಗಿ ಕಾಣ್ತದೆ" ಎಂದು ದಾರಿ ತೋರಿಸಿದರು. ಒಳ್ಳೆಯ ಸಲಹೆ.

ಆ ಬೀಚಿನಲ್ಲಿ ನನಗೆ ಪಾಠ ಹೇಳಿದವರು ಚುರುಮುರಿ ಮಾರುವ ಒಬ್ಬ ಹಿರಿಯರು. ದೂರದಲ್ಲಿ ನಾಲ್ಕೈದು ಹಡಗು ನಿಂತಿದ್ದವು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ, ಕಪ್ಪು ಗೆರೆಗಳು. ಅವರು ಈರುಳ್ಳಿ ಹೆಚ್ಚುತ್ತಲೇ ಗಲ್ಲ ಎತ್ತಿ ತೋರಿಸಿದರು. "ಅದು ಗ್ಯಾಸಿನ ಹಡಗು ಮಾರಾಯ್ರೆ, ಬೆನ್ನ ಮೇಲೆ ಪೈಪ್ ಉಂಟಲ್ಲ. ನಿನ್ನೆಯಿಂದ ನಿಂತದ್ದು. ಒಳಗೆ ಜಾಗ ಇಲ್ಲ. ಅದರ ಪಕ್ಕದ್ದು ಕಲ್ಲಿದ್ದಲಿನದ್ದು, ತುಂಬಾ ಮುಳುಗಿದೆ ನೋಡಿ. ಆಚೆದು ಖಾಲಿ." ಖಾಲಿ ಅಂತ ಹೇಗೆ ಗೊತ್ತು ಅಂತ ಕೇಳಿದೆ. "ಕೆಂಪು ಕಾಣ್ತದಲ್ಲ" ಅಂದರು. ನೀರಿನ ಕೆಳಗೆ ಇರಬೇಕಾದ ಕೆಂಪು ಬಣ್ಣ ಮೇಲೆ ಎದ್ದು ಕಾಣುತ್ತಿದ್ದರೆ ಹಡಗಿನ ಹೊಟ್ಟೆ ಖಾಲಿ. ಇಷ್ಟು ಸುಲಭ. ಮತ್ತೆ ಅವರು ನನ್ನ ಪೊಟ್ಟಣಕ್ಕೆ ನಿಂಬೆ ಹಿಂಡಿ, ಮುಂದಿನ ಗಿರಾಕಿಯ ಕಡೆ ತಿರುಗಿದರು. ಅವರಿಗೆ ಅದು ಹವ್ಯಾಸ ಏನಲ್ಲ. ಅಂಗಡಿ ಎದುರಿನ ರಸ್ತೆಯಲ್ಲಿ ಯಾರು ಹೋದರು ಬಂದರು ಅಂತ ಗೊತ್ತಿರುವ ಹಾಗೆ ಗೊತ್ತು, ಅಷ್ಟೇ.

ಅಲ್ಲಿಂದ ಮುಂದೆ ಒಂದೊಂದೇ ಓದಲು ಕಲಿತೆ. ಹಡಗಿನಷ್ಟು ತನ್ನ ವಿಷಯವನ್ನು ಮೈಮೇಲೆ ಬರೆದುಕೊಂಡು ಓಡಾಡುವ ವಸ್ತು ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಮೂತಿಯ ಎರಡೂ ಬದಿಯಲ್ಲಿ ಹೆಸರು. ಹಿಂಭಾಗದಲ್ಲಿ ಮತ್ತೆ ಹೆಸರು, ಅದರ ಕೆಳಗೆ ನೋಂದಣಿಯಾದ ಬಂದರು. ಮೊನ್ರೋವಿಯಾ ಎಂದಿದ್ದರೆ ಲೈಬೀರಿಯಾ. ಮಜುರೋ ಎಂದಿದ್ದರೆ ಮಾರ್ಷಲ್ ದ್ವೀಪಗಳು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು, ಈ ಮೂರೇ ದೇಶಗಳ ಬಾವುಟದ ಕೆಳಗೆ ಜಗತ್ತಿನ ಹಡಗುಗಳ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ ಸಾಮರ್ಥ್ಯ ಇದೆ. ಮಾರ್ಷಲ್ ದ್ವೀಪಗಳ ಜನಸಂಖ್ಯೆ ನಮ್ಮ ಹಾಸನ ಊರಿನ ಅರ್ಧದಷ್ಟೂ ಇಲ್ಲ. ತೆರಿಗೆ ಕಡಿಮೆ, ಮಾಲೀಕನ ವಿಚಾರಣೆ ಕಡಿಮೆ, ಅದಕ್ಕೇ ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ಪಾಂಡಿಚೇರಿ ನಂಬರಿನ ಕಾರುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೈ ಪಕ್ಕದಲ್ಲಿ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ. ಪಕ್ಕದಲ್ಲಿ ಏಣಿಯಂತೆ ಇನ್ನಷ್ಟು ಗೆರೆ, ಒಂದೊಂದಕ್ಕೂ ಅಕ್ಷರ. ಪ್ಲಿಮ್ಸಾಲ್ ಗುರುತು ಅಂತಾರೆ. ಹಡಗನ್ನು ಇಷ್ಟಕ್ಕಿಂತ ಮುಳುಗುವಷ್ಟು ತುಂಬಬಾರದು ಎಂಬ ಗೆರೆ. ಹಿಂದೆ ಬ್ರಿಟನ್ನಿನಲ್ಲಿ ಹಳೇ ಹಡಗಿಗೆ ಮಿತಿಮೀರಿ ತುಂಬಿ, ವಿಮೆ ಮಾಡಿಸಿ ಕಳಿಸುತ್ತಿದ್ದರು. ಮುಳುಗಿದರೂ ಮಾಲೀಕನಿಗೆ ನಷ್ಟವಿಲ್ಲ. ಸಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದ ಅದರ ವಿರುದ್ಧ ಕೂಗಾಡಿ 1876ರಲ್ಲಿ ಕಾನೂನು ಮಾಡಿಸಿದ. ಟಿ ಅಂದರೆ ಉಷ್ಣವಲಯದ ಸಮುದ್ರ, ಎಸ್ ಅಂದರೆ ಬೇಸಿಗೆಯ ಗೆರೆ, ಡಬ್ಲ್ಯೂ ಚಳಿಗಾಲದ್ದು. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ನಮ್ಮ ಅರಬ್ಬಿ ಸಮುದ್ರ ಉಷ್ಣವಲಯದಲ್ಲೇ ಇದ್ದರೂ ಮುಂಗಾರಿನಲ್ಲಿ ಹಡಗು ಟಿ ಗೆರೆಯವರೆಗೆ ಮುಳುಗುವಂತಿಲ್ಲ. ಅದಕ್ಕಿಂತ ಕೆಳಗಿನ ಎಸ್ ಗೆರೆಗೇ ನಿಲ್ಲಿಸಬೇಕು. ಅಂದರೆ ಜೂನ್ ಜುಲೈನಲ್ಲಿ ಆಗುಂಬೆಗೂ ನಮ್ಮ ಬಿಸಿಲೆಗೂ ಸುರಿಯುವ ಮಳೆಯ ಲೆಕ್ಕವನ್ನು ಯಾವುದೋ ದೇಶದಲ್ಲಿ ಕಟ್ಟಿದ ಹಡಗು ತನ್ನ ಮೈಮೇಲೆ ಗೆರೆಯಾಗಿ ಹೊತ್ತುಕೊಂಡಿರುತ್ತದೆ.

ಇನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಂಬರು, ಐಎಂಒ ನಂಬರು ಅಂತಾರೆ. ಏಳು ಅಂಕಿ. ಹಡಗಿನ ಹೆಸರು ಬದಲಾಗುತ್ತದೆ, ಬಾವುಟ ಬದಲಾಗುತ್ತದೆ, ಮಾಲೀಕ ಬದಲಾಗುತ್ತಾನೆ. ಈ ನಂಬರು ಮಾತ್ರ ಗುಜರಿಗೆ ಹೋಗುವವರೆಗೂ ಅದೇ. 1996ರಿಂದ ಅದು ಕಡ್ಡಾಯ, ಆಮೇಲೆ ಹಡಗಿನ ಮೈಮೇಲೇ ಕಾಣುವಂತೆ ಬರೆಯಬೇಕೆಂದೂ ನಿಯಮ ಬಂತು. ಆ ಏಳನೇ ಅಂಕಿಯಲ್ಲಿ ಒಂದು ತಮಾಷೆ ಇದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ, ಬರುವ ಮೊತ್ತದ ಕೊನೆಯ ಅಂಕಿಯೇ ಏಳನೆಯದು. 9074729 ತೆಗೆದುಕೊಳ್ಳಿ. 63, 0, 35, 16, 21, 4. ಕೂಡಿದರೆ 139. ಕೊನೆಗೆ 9. ತಾಳೆಯಾಯಿತು. ದುರ್ಬೀನಿನಲ್ಲಿ ಒಂದು ಅಂಕಿ ಮಸುಕಾಗಿ ಕಂಡರೆ ಮರಳಿನ ಮೇಲೆ ಲೆಕ್ಕ ಮಾಡಿ ಎಷ್ಟೋ ಸಲ ಅದನ್ನು ಹಿಡಿಯಬಹುದು. ಇದು ನನಗೆ ಕೊಡುವ ಸಂತೋಷ ಎಷ್ಟು ಅಂತ ಹೇಳಿದರೆ ನೀವೂ ದೊಡ್ಡಮ್ಮನ ಪ್ರಶ್ನೆಯನ್ನೇ ಕೇಳುತ್ತೀರಿ.

ಹಳೇ ಟ್ಯಾಂಕರ್ ಹಡಗುಗಳಲ್ಲಿ ಇನ್ನೊಂದು ನೋಡಬೇಕು. ಹೆಸರಿನ ಅಕ್ಷರಗಳ ಅಂಚನ್ನು ಉಕ್ಕಿನ ಮೇಲೆ ವೆಲ್ಡಿಂಗ್ ಮಾಡಿ ಎಬ್ಬಿಸಿರುತ್ತಾರೆ. ಹಡಗು ಮಾರಾಟವಾದಾಗ ಮೇಲೆ ಬಣ್ಣ ಬಳಿದು ಹೊಸ ಹೆಸರು ಬರೆಯುತ್ತಾರೆ. ಬಿಸಿಲು ಓರೆಯಾಗಿ ಬಿದ್ದರೆ ಹಳೇ ಹೆಸರು ಬಣ್ಣದ ಅಡಿಯಿಂದ ತಲೆ ಎತ್ತುತ್ತದೆ. 2022ರ ನಂತರ, ಯುಕ್ರೇನ್ ಯುದ್ಧ ಮತ್ತು ರಷ್ಯಾದ ಮೇಲಿನ ನಿರ್ಬಂಧಗಳ ಕಾಲದಲ್ಲಿ, ಹೀಗೆ ಹೆಸರು ಬಾವುಟ ಬದಲಿಸಿಕೊಂಡು ತಿರುಗುವ ಹಳೇ ಟ್ಯಾಂಕರ್‌ಗಳು ಜಾಸ್ತಿಯಾದವು. ಅವುಗಳ ಜಾಡು ಹಿಡಿಯುವವರಲ್ಲಿ ಪತ್ರಕರ್ತರು, ವಿಮೆಯವರು ಮಾತ್ರ ಅಲ್ಲ, ದಡದಲ್ಲಿ ಸುಮ್ನೆ ಕೂತು ಫೋಟೋ ತೆಗೆಯುವವರೂ ಇದ್ದಾರೆ.

(ಪ್ರವಾಸಿಗರ ಕ್ರೂಸ್ ಹಡಗು ಬಂದಾಗ ಬೀಚಿನಲ್ಲಿ ಎಲ್ಲರೂ ಎದ್ದು ನಿಂತು ನೋಡುತ್ತಾರೆ. ನನಗೆ ಅದು ಬೇಸರ. ಎಷ್ಟು ದೊಡ್ಡದಿದ್ದರೂ ಅದೊಂದು ಹೋಟೆಲ್ಲು. ತುಕ್ಕು ಹಿಡಿದ ಕಲ್ಲಿದ್ದಲು ಹಡಗಿನಲ್ಲಿ ಇರುವ ಕತೆ ಅದರಲ್ಲಿ ಎಲ್ಲಿ?)

ಫೋನಿನೊಳಗಿನ ಸಮುದ್ರ

ಹಾಸನದಲ್ಲಿ ಕೂತು ಇದೆಲ್ಲ ಸಾಧ್ಯವಾದದ್ದು ಎಐಎಸ್ ಎಂಬ ಹಡಗಿನ ಗುರುತು ವ್ಯವಸ್ಥೆಯಿಂದ. ದೊಡ್ಡ ಹಡಗುಗಳೆಲ್ಲ ತಾವು ಯಾರು, ಎಲ್ಲಿದ್ದೇವೆ, ಎತ್ತ ಹೊರಟಿದ್ದೇವೆ ಎಂದು ರೇಡಿಯೋದಲ್ಲಿ ಕೆಲವು ಸೆಕೆಂಡಿಗೊಮ್ಮೆ ಕೂಗಿ ಹೇಳುತ್ತಿರಬೇಕು. ಲಂಗರು ಹಾಕಿ ನಿಂತಾಗ ಮೂರು ನಿಮಿಷಕ್ಕೊಮ್ಮೆ. ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಿರಲಿ ಅಂತ ಮಾಡಿದ ಏರ್ಪಾಡು ಅದು, 2004ರ ಕೊನೆಯ ಹೊತ್ತಿಗೆ ಕಡ್ಡಾಯವಾಯಿತು. 2007ರಲ್ಲಿ ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಮೆರೀನ್‌ಟ್ರಾಫಿಕ್ ಆ ಕೂಗನ್ನು ಹಿಡಿದು ನಕ್ಷೆಯ ಮೇಲೆ ಹಾಕಿತು. ದಡದಲ್ಲಿ ಮನೆ ಇರುವ ಹವ್ಯಾಸಿಗಳು ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿ ಅದಕ್ಕೆ ಮಾಹಿತಿ ಕಳಿಸಿದರು. ಹಾಸನದ ತಾರಸಿಯಿಂದ ಇದು ಆಗದ ಕೆಲಸ. ಆ ಅಲೆಗಳು ನೇರಕ್ಕೆ ಹೋಗುತ್ತವೆ, ನಡುವೆ ಘಟ್ಟ ಅಡ್ಡ.

ಆದರೂ ಫೋನಿನಲ್ಲಿ ನೋಡುವುದು ನೋಡುವುದೇನಾ? ಇದು ನನ್ನನ್ನು ಬಹಳ ಕಾಡಿದೆ. ಒಂದು ಕಡೆ, ಅದಿಲ್ಲದೆ ನನಗೆ ಈ ಹುಚ್ಚೇ ಹಿಡಿಯುತ್ತಿರಲಿಲ್ಲ. ಇನ್ನೊಂದು ಕಡೆ, ನಕ್ಷೆಯಲ್ಲಿ ಟ್ಯಾಂಕರ್ ಒಂದು ಬಣ್ಣದ ಬಾಣ, ಸರಕಿನ ಹಡಗು ಇನ್ನೊಂದು ಬಣ್ಣದ ಬಾಣ. ಗಾತ್ರವಿಲ್ಲ, ವಾಸನೆಯಿಲ್ಲ, ತುಕ್ಕಿಲ್ಲ. ಅದು ಸುಳ್ಳನ್ನೂ ಹೇಳುತ್ತದೆ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಕಾದಾಟ ನಡೆದ ದಿನಗಳಲ್ಲಿ ಹಾರ್ಮುಜ್ ಜಲಸಂಧಿಯ ಸುತ್ತ ಜಿಪಿಎಸ್ ಸಂಕೇತಗಳನ್ನು ಕೆಡಿಸುತ್ತಿದ್ದರು. ನೂರಾರು ಹಡಗುಗಳು ನಕ್ಷೆಯ ಮೇಲೆ ಎಲ್ಲೆಲ್ಲೋ ಕಾಣಿಸಿದವು. ಕೆಲವು ನೆಲದ ಮೇಲೆ ಹತ್ತಿ ಕೂತಿದ್ದವು. ನಮ್ಮ ಅಡುಗೆ ಗ್ಯಾಸಿನ ಬಹುಪಾಲು ಬರುವ ದಾರಿ ಅದೇ.

ಅದೇ ತಿಂಗಳು ಇನ್ನೊಂದು ಆಯಿತು. ಕೊಲಂಬೋದಿಂದ ಮುಂಬೈ ಕಡೆ ಹೊರಟಿದ್ದ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಜೂನ್ 9ರಂದು ಕೇರಳದ ಕರಾವಳಿಯಾಚೆ ಬೆಂಕಿ ಹತ್ತಿತು. ಹಡಗಿನಲ್ಲಿದ್ದ 22 ಜನರಲ್ಲಿ 18 ಮಂದಿಯನ್ನು ನೌಕಾಪಡೆಯ ಹಡಗು ಪಣಂಬೂರಿಗೇ ತಂದು ಇಳಿಸಿತು. ಸುಟ್ಟ ಗಾಯವಾದವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನಾಲ್ಕು ಜನ ಸಿಗಲಿಲ್ಲ. ಆ ರಾತ್ರಿ ನಾನು ಫೋನಿನಲ್ಲಿ ಆ ಬಾಣವನ್ನು ನೋಡುತ್ತಾ ಕೂತಿದ್ದೆ. ಹೆಸರು, ಉದ್ದ, ಅಗಲ, ಬಾವುಟ ಎಲ್ಲ ಇತ್ತು. ಒಳಗೆ ಎಷ್ಟು ಜನ ಇದ್ದಾರೆ ಎಂಬ ಒಂದು ವಿಷಯ ಮಾತ್ರ ಅಲ್ಲಿ ಬರೆದಿರಲಿಲ್ಲ. ಯಾವ ಹಡಗಿನದ್ದೂ ಅಲ್ಲಿ ಬರೆದಿರುವುದಿಲ್ಲ. ಅದಾದ ಮೇಲೆ ದುರ್ಬೀನಿನಲ್ಲಿ ಮೊದಲು ಹುಡುಕುವುದು ಡೆಕ್ಕಿನ ಮೇಲೆ ಬಟ್ಟೆ ಒಣಹಾಕಿದ್ದಾರಾ, ಯಾರಾದರೂ ಓಡಾಡುತ್ತಿದ್ದಾರಾ ಅಂತ.

ದಡ ಮುಟ್ಟಿದ ಮೇಲೆ ಮಾಯ

ಈಗ ದೊಡ್ಡಮ್ಮನ ಪ್ರಶ್ನೆಗೆ ಬರುತ್ತೇನೆ. ನನಗೆ ಹೊಳೆದ ಉತ್ತರ ಇಷ್ಟು: ಹಡಗಿನಿಂದ ಇಳಿದ ಮೇಲೆ ಸರಕು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಮುಖ ತೋರಿಸುವುದು ಹಡಗಿನಲ್ಲಿ ಇರುವಾಗ ಮಾತ್ರ.

ಕಚ್ಚಾ ತೈಲವನ್ನೇ ತೆಗೆದುಕೊಳ್ಳಿ. ಮುನ್ನೂರು ಮೀಟರ್ ದಾಟಿದ ದೈತ್ಯ ಟ್ಯಾಂಕರ್‌ಗಳು ಬಂದರಿನ ಒಳಗೆ ಬರಲಾಗದೆ ದೂರದ ಆಳ ನೀರಿನಲ್ಲಿ, ಒಂದು ತೇಲುಬುರುಡೆಗೆ (ಬೋಯ್) ಕಟ್ಟಿಕೊಂಡು ನಿಲ್ಲುತ್ತವೆ. ಅಲ್ಲಿಂದ ತೈಲ ಸಮುದ್ರದ ತಳದ ಪೈಪಿನಲ್ಲಿ ದಡಕ್ಕೆ ಬರುತ್ತದೆ. ಒಂದಷ್ಟು ಬಂಡೆ ಕೊರೆದ ಗುಹೆಗಳಿಗೆ ಹೋಗುತ್ತದೆ. ಮಂಗಳೂರಿನ ಗುಹೆಯಲ್ಲಿ 15 ಲಕ್ಷ ಟನ್, ಪಾದೂರಿನದರಲ್ಲಿ 25 ಲಕ್ಷ ಟನ್ ತುಂಬುವಷ್ಟು ಜಾಗ ಇದೆ. ಮಂಗಳೂರಿನ ರಿಫೈನರಿಯಲ್ಲಿ ಆದ ಪೆಟ್ರೋಲು ಡೀಸೆಲ್ಲು ಮತ್ತೆ ಪೈಪಿನಲ್ಲಿ ಘಟ್ಟ ಹತ್ತುತ್ತದೆ. ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್, 362 ಕಿಲೋಮೀಟರ್, 2003ರಿಂದ ನಡೆಯುತ್ತಿದೆ. ಘಟ್ಟದ ಬುಡದ ನೆರಿಯದಲ್ಲಿ ಪಂಪು ಅದನ್ನು ಮೇಲಕ್ಕೆ ದೂಡುತ್ತದೆ. ಅಡುಗೆ ಗ್ಯಾಸಿಗೂ ಮಂಗಳೂರಿನಿಂದ ಹಾಸನ, ಮೈಸೂರು ಮೇಲೆ ಸೋಲೂರಿಗೆ ಹೋಗುವ ಪೈಪು ಇದೆ, ಸುಮಾರು 400 ಕಿಲೋಮೀಟರ್. ಕಾಫಿ ತೋಟದ ಅಂಚಿನಲ್ಲಿ, ಆಲೂಗಡ್ಡೆ ಹೊಲದ ಬದುವಿನಲ್ಲಿ ಕಾಣುವ ಆ ಹಳದಿ ಗೂಟಗಳು ಇವೆಯಲ್ಲ, "ಇಲ್ಲಿ ಅಗೆಯಬೇಡಿ" ಅಂತ ಬರೆದದ್ದು, ಅವುಗಳ ಕೆಳಗೆ ಹರಿಯುತ್ತಿರುವುದು ಹಡಗಿನಿಂದ ಇಳಿದದ್ದೇ. ನಾವು ಅದರ ಮೇಲೆ ದನ ಮೇಯಿಸುತ್ತೇವೆ.

ಒಂದು ದೊಡ್ಡ ಗ್ಯಾಸ್ ಹಡಗಿನಲ್ಲಿ ಸುಮಾರು 45,000 ಟನ್ ಹಿಡಿಯುತ್ತದೆ. ಹೆದ್ದಾರಿಯ ಒಂದು ಬುಲೆಟ್ ಟ್ಯಾಂಕರ್‌ನಲ್ಲಿ ಹದಿನೇಳು ಹದಿನೆಂಟು ಟನ್. ಮನೆಯ ಸಿಲಿಂಡರಿನಲ್ಲಿ 14.2 ಕೆಜಿ. ಲೆಕ್ಕ ಹಾಕಿದರೆ ಒಂದು ಹಡಗು ಮೂವತ್ತು ಲಕ್ಷಕ್ಕೂ ಮೀರಿದ ಸಿಲಿಂಡರ್. ಅಷ್ಟು ಮನೆಗಳ ಒಲೆ ಒಂದೇ ಕಡೆ, ಒಂದು ಹೆಸರಿನ ಕೆಳಗೆ, ಪಣಂಬೂರಿನ ಎದುರು ತೇಲುತ್ತಿರುತ್ತದೆ. ಸಿಲಿಂಡರಿನ ಮೇಲೆ ಆ ಹೆಸರು ಎಲ್ಲೂ ಇರುವುದಿಲ್ಲ.

ಹಿಂದೆ ಇದು ತಿರುವುಮುರುವಾಗಿಯೂ ನಡೆದಿತ್ತು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಅಗೆದ ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, ಕಪ್ಪು ಕೆಸರಾಗಿ 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಅಲ್ಲಿಂದ ಹಡಗು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಒಂದು ಬೆಟ್ಟ ಪೈಪಿನಲ್ಲಿ ಹರಿದು ಹೋಗುವುದನ್ನು ದಾರಿಯಲ್ಲಿದ್ದ ಯಾರೂ ನೋಡಲಿಲ್ಲ. ಈಗ ಗೂಡ್ಸ್ ರೈಲುಗಳು ಬಯಲುಸೀಮೆಯ ಅದಿರು ಹೊತ್ತು ಸಕಲೇಶಪುರದ ಘಟ್ಟ ಇಳಿಯುವಾಗ ಕೆಂಪು ಧೂಳಾದರೂ ಕಾಣುತ್ತದೆ.

ಕುದುರೆಮುಖದ ಮಾತು ಬಂತು ಅಂತ ಹೇಳುತ್ತೇನೆ. ಸಮುದ್ರದಿಂದ ನೋಡಿದರೆ ಆ ಶಿಖರ ಕುದುರೆಯ ಮುಖದ ಹಾಗೆ ಕಾಣುತ್ತದೆ, ಹಳೇ ನಾವಿಕರು ಅದನ್ನೇ ಗುರುತಾಗಿ ಇಟ್ಟುಕೊಂಡಿದ್ದರು ಎಂಬ ಮಾತಿದೆ. ಹಾಗಾದರೆ ಅಲ್ಲಿಂದ ಹಡಗು ಕಾಣಬೇಕಲ್ವಾ? ಲೆಕ್ಕ ಸರಳ. ಎಷ್ಟು ಮೀಟರ್ ಎತ್ತರದಲ್ಲಿ ನಿಂತಿದ್ದೀರೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಬಾನಂಚು ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಪಣಂಬೂರಿನ ಮರಳಿನಲ್ಲಿ ನಿಂತವನಿಗೆ ಐದು ಕಿಲೋಮೀಟರೂ ಇಲ್ಲ. ಅದರಾಚೆಯ ಹಡಗಿನ ಬುಡ ನೀರಿನ ಕೆಳಗೆ ಮುಳುಗಿದಂತೆ ಇರುತ್ತದೆ, ಮೇಲಿನ ಭಾಗ ಮಾತ್ರ ಕಾಣುತ್ತದೆ. ಕುದುರೆಮುಖದ ನೆತ್ತಿ ಸುಮಾರು 1,890 ಮೀಟರ್. ಅಲ್ಲಿಂದ 155 ಕಿಲೋಮೀಟರ್. ಕರಾವಳಿ ಇರುವುದು ಅದರ ಮೂರನೇ ಒಂದು ಪಾಲಿನಷ್ಟು ದೂರದಲ್ಲಿ. ಮಳೆ ಬಿಟ್ಟ ಮೇಲೆ, ಧೂಳು ತೊಳೆದುಹೋದ ಒಂದು ದಿನ, ಅರಣ್ಯ ಇಲಾಖೆಯ ಅನುಮತಿ ಪಡೆದು ಗೆಳೆಯರ ಜೊತೆ ಹತ್ತಿದ್ದೆ. ಪಶ್ಚಿಮದಲ್ಲಿ ತಗಡಿನ ಹಾಗೆ ಹೊಳೆಯುವ ಒಂದು ಪಟ್ಟಿ. ಸಮುದ್ರವೇ. ಗೆಳೆಯರು ಸೆಲ್ಫಿ ತೆಗೆದುಕೊಳ್ಳುವಾಗ ನಾನು ದುರ್ಬೀನು ಹಿಡಿದು ಆ ಹೊಳಪಿನಲ್ಲಿ ಒಂದು ಕಪ್ಪು ಚುಕ್ಕೆ ಹುಡುಕುತ್ತಿದ್ದೆ. ಗಾಳಿಯಲ್ಲಿ ಕೈ ನಿಲ್ಲುತ್ತಿರಲಿಲ್ಲ. ಗೈಡ್ ಹುಡುಗ ಹತ್ತಿರ ಬಂದು "ಆನೆ ಕಂಡ್ತಾ ಸಾರ್?" ಅಂದ. ಹಡಗು ಹುಡುಕ್ತಿದೀನಿ ಅಂದೆ. ಅವನು ನಗಲಿಲ್ಲ. ದುರ್ಬೀನು ಇಸಿದುಕೊಂಡು ತಾನೂ ಹುಡುಕಿದ. ಇಬ್ಬರಿಗೂ ಸಿಗಲಿಲ್ಲ. ಕತ್ತಲಾಗುವ ಮೊದಲು ಇಳಿಯಬೇಕಿತ್ತು.

ಮಾವನ ಕಾಫಿ

ಸಕಲೇಶಪುರದ ಹತ್ತಿರ ನಮ್ಮ ಮಾವನಿಗೆ ಸ್ವಲ್ಪ ಕಾಫಿ ತೋಟ ಇದೆ. ಅವರಿಗೆ ಸಮುದ್ರ ಅಂದರೆ ಆಗದು. ಉಪ್ಪುಗಾಳಿ, ಬೆವರು. ಆದರೆ 2024ರ ಶುರುವಿನಲ್ಲಿ ಒಂದು ಸಂಜೆ ಅವರೇ ಫೋನ್ ಮಾಡಿದರು. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್‌ನವರು ಹಡಗು ಸಿಗುತ್ತಿಲ್ಲ, ಬಾಡಿಗೆ ಜಾಸ್ತಿಯಾಗಿದೆ ಎನ್ನುತ್ತಿದ್ದಾರೆ, ನಿಜವಾ ಅಂತ. ನಿಜವಾಗಿತ್ತು. 2023ರ ನವೆಂಬರಿನಿಂದ ಯೆಮೆನ್‌ನ ಹೌತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದ್ದರು. ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಹೋಗುತ್ತಿದ್ದವು. ಹತ್ತು ಹದಿನಾಲ್ಕು ದಿನ ಜಾಸ್ತಿ. ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲು ಹೊರಗೆ ಹೋಗುತ್ತದೆ, ಅದರಲ್ಲಿ ಹೆಚ್ಚು ಕೊಳ್ಳುವುದು ಇಟಲಿ. ಇಟಲಿಗೆ ಹತ್ತಿರದ ದಾರಿ ಕೆಂಪು ಸಮುದ್ರ. ಬಾಬಾ ಬುಡನ್ ಏಳು ಬೀಜ ತಂದರು ಎಂದು ಕತೆ ಹೇಳುವ ಮೋಕಾ ಬಂದರು ಇರುವುದೂ ಅದೇ ಯೆಮೆನ್‌ನ ಅದೇ ಸಮುದ್ರದ ದಡದಲ್ಲಿ. ಮಾವನಿಗೆ ಇದನ್ನು ಹೇಳಿದಾಗ, "ಕೊಟ್ಟೋರೇ ಈಗ ದಾರಿ ಅಡ್ಡ ಹಾಕಿದ್ದಾರೆ ಅನ್ನು" ಎಂದರು.

ಆಫ್ರಿಕಾ ಸುತ್ತಿ ಹೋಗುವುದು ನಮ್ಮ ಕಾಫಿಗೆ ಹೊಸದಲ್ಲ. ಹಾಯಿಹಡಗಿನ ಕಾಲದಲ್ಲಿ ಮಂಗಳೂರಿನಿಂದ ಯುರೋಪಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ತಳದ ತೇವ, ಉಪ್ಪುಗಾಳಿ ಕುಡಿದು ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹುಳಿ ಇಳಿಯುತ್ತಿತ್ತು. 1869ರಲ್ಲಿ ಸೂಯೆಜ್ ತೆರೆಯಿತು, ಹೊಗೆ ಹಡಗು ಬಂತು, ಕಾಫಿ ಬೇಗ ಬೇಗ ಹಸಿರಾಗಿಯೇ ತಲುಪತೊಡಗಿತು. ಅಲ್ಲಿಯವರಿಗೆ ಇದು ಹಿಡಿಸಲಿಲ್ಲ. ನಮಗೆ ಹಳೇ ರುಚಿಯೇ ಬೇಕು ಅಂದರು. ಅದಕ್ಕೆ ಇಲ್ಲಿಯವರು ಕರಾವಳಿಯ ಗೋದಾಮುಗಳಲ್ಲಿ, ಬದಿ ತೆರೆದಿಟ್ಟು, ಮುಂಗಾರಿನ ಗಾಳಿಗೆ ಬೀಜ ಹರಡಿ, ತಿಂಗಳುಗಟ್ಟಲೆ ತಿರುವಿ ಹಾಕಿ, ಹಡಗಿನ ಪ್ರಯಾಣವನ್ನು ನೆಲದ ಮೇಲೇ ಮಾಡಿಸಿದರು. ಅದೇ ಮಾನ್ಸೂನ್ಡ್ ಮಲಬಾರ್. ಈಗ ಅದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ಹಡಗಿನಲ್ಲಿ ತಡವಾದದ್ದಕ್ಕೆ ಜಾಸ್ತಿ ದುಡ್ಡು ಕೊಡುವ ಇನ್ನೊಂದು ಸರಕು ನನಗೆ ಗೊತ್ತಿಲ್ಲ.

ಆಮೇಲೆ ಅವರ ಮನೆಗೆ ಹೋದಾಗ ಮಾವ ಕೇಳಿದ ಪ್ರಶ್ನೆ ನನ್ನ ಬಾಯಿ ಕಟ್ಟಿಸಿತು. "ಸರಿ, ನಮ್ಮ ತೋಟದ ಕಾಫಿ ಹತ್ತಿದ ಹಡಗು ಯಾವ್ದು ಅಂತ ತೋರಿಸು ನೋಡೋಣ." ಇಪ್ಪತ್ತಡಿಯ ಒಂದು ಕಂಟೇನರಿನಲ್ಲಿ 60 ಕೆಜಿಯ 320 ಚೀಲ ಹಿಡಿಯುತ್ತದೆ. ಮಾವನ ಬೆಳೆ ಕ್ಯೂರಿಂಗ್‌ಗೆ ಹೋಗಿ, ಸಿಪ್ಪೆ ಬಿಡಿಸಿಕೊಂಡು, ಗಾತ್ರದ ಮೇಲೆ ವಿಂಗಡವಾಗಿ, ಇನ್ನೂ ಎಷ್ಟೋ ತೋಟದವರ ಬೀಜದ ಜೊತೆ ಬೆರೆತಿರುತ್ತದೆ. ಅದರಲ್ಲಿ ಯಾವುದು ಯಾವ ಪೆಟ್ಟಿಗೆ, ಆ ಪೆಟ್ಟಿಗೆ ಯಾವ ಹಡಗು? ಹಡಗಿನ ಹೆಸರು, ನಂಬರು, ಗೆರೆ ಎಲ್ಲ ಓದಬಲ್ಲೆ. ಅದರ ಹೊಟ್ಟೆಯಲ್ಲಿರುವ ನಮ್ಮನೆಯ ಮಾಲು ಮಾತ್ರ ನನಗೆ ಕಾಣದು. "ಆಗಲ್ಲ ಮಾವ" ಅಂದೆ. "ಹಾಗಾದ್ರೆ ಅಂದಾಜಿಗೆ ಒಂದು ತೋರಿಸು" ಅಂದರು. ಆ ವಾರ ಪಣಂಬೂರಿನಿಂದ ಹೊರಟ ಕಂಟೇನರ್ ಹಡಗೊಂದನ್ನು ತೋರಿಸಿದೆ. ಮಾವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅದು ನೇರ ಇಟಲಿಗೆ ಹೋಗುವುದಿಲ್ಲ, ಮೊದಲು ಯಾವುದೋ ದೊಡ್ಡ ಬಂದರಿಗೆ ಹೋಗಿ ಪೆಟ್ಟಿಗೆಗಳನ್ನು ಬೇರೆ ಹಡಗಿಗೆ ದಾಟಿಸುತ್ತದೆ ಅಂತ ವಿವರಿಸಿದೆ. ಅತ್ತೆ ಒಳಗಿನಿಂದ, "ಒಬ್ಬನಿಗೆ ಹಿಡಿದಿದ್ದು ಸಾಲದಾ?" ಅಂದರು.

ಸಾಲಲಿಲ್ಲ. ಮಾವ ಈಗ ಆ ಆ್ಯಪನ್ನು ತಮ್ಮ ಫೋನಿಗೂ ಹಾಕಿಸಿಕೊಂಡಿದ್ದಾರೆ. ಅವರ ಆಸಕ್ತಿ ನನ್ನದಕ್ಕಿಂತ ಬೇರೆ. ಹೆಸರು, ನಂಬರು ಅವರಿಗೆ ಬೇಡ. ಯಾವ ಹಡಗು ಎಷ್ಟು ದಿನದಿಂದ ಸುಮ್ನೆ ನಿಂತಿದೆ, ಅದರ ಖರ್ಚು ಯಾರ ತಲೆ ಮೇಲೆ ಅಂತ ಬೇಕು. ಮೊನ್ನೆ ಬೆಳಗ್ಗೆ ಆರಕ್ಕೇ ಫೋನು. "ಆ ಕಲ್ಲಿದ್ದಲು ಹಡಗು ಇನ್ನೂ ಹೊರಗೇ ನಿಂತಿದೆಯಲ್ಲೋ, ದಿನದ ಬಾಡಿಗೆ ಯಾರ್ ಕಟ್ತಾರೆ?" ಇಳಿಸಲು ಇಷ್ಟು ದಿನ ಅಂತ ಮೊದಲೇ ಒಪ್ಪಂದ ಇರುತ್ತದೆ, ಅದು ಮೀರಿದರೆ ಹಡಗನ್ನು ಬಾಡಿಗೆಗೆ ಹಿಡಿದವನು ಮಾಲೀಕನಿಗೆ ದಿನದ ಲೆಕ್ಕದಲ್ಲಿ ದಂಡ ಕೊಡಬೇಕು, ಡೆಮರೇಜ್ ಅಂತಾರೆ ಎಂದು ಹೇಳಿದೆ. ಮಾವ ಸ್ವಲ್ಪ ಯೋಚಿಸಿ, "ಕ್ಯೂರಿಂಗ್ ಗೇಟಿನಲ್ಲಿ ನಿಂತಿದ್ದಕ್ಕೆ ನಮ್ಮ ಲಾರಿಯವನು ವೇಟಿಂಗ್ ಕೇಳೋದು ಇವರನ್ನ ನೋಡೇ ಕಲ್ತಿರ್ಬೇಕು" ಅಂದರು.

ಕೊಯ್ಲು ಮುಗಿದ ಮೇಲೆ ಪಣಂಬೂರಿಗೆ ಬರುತ್ತೇನೆ ಅಂದಿದ್ದಾರೆ. ಸಂಜೆ ಸೂರ್ಯಾಸ್ತ ನೋಡಿಕೊಂಡು ಬರೋಣ ಅನ್ನುವುದು ಅವರ ಲೆಕ್ಕ. ಸಂಜೆ ಹೋದರೆ ಬಿಸಿಲು ಎದುರಿಗೆ, ಹಡಗುಗಳೆಲ್ಲ ಕರಿ ನೆರಳು, ಒಂದು ಅಕ್ಷರವೂ ಓದಲಾಗದು. ಬೆಳಗ್ಗೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಿದ್ದಾಗಲೇ ಹೆಸರು ಕಾಣುವುದು. ಅದಕ್ಕೆ ರಾತ್ರಿ ಎರಡಕ್ಕೇ ಘಟ್ಟ ಇಳಿಯಬೇಕು ಅಂತ ನಾನು. ಶಿರಾಡಿಯ ಆ ರಸ್ತೆಯಲ್ಲಿ ರಾತ್ರಿ ಎರಡಕ್ಕಾ ಅಂತ ಅತ್ತೆ. ಇನ್ನೂ ತೀರ್ಮಾನ ಆಗಿಲ್ಲ.